ಬೇಸಿಗೆ ಶಿಬಿರದ ಕಥಾಕೂಟಕ್ಕೆ ಮೆಕ್ಸಿಕೋದ ಲೊತೆರಿಯಾ: ಕೊಳ್ಳಬಹುದೇ?

ಲೊತೆರಿಯಾ ಎಂಬ ಈ ಚಿತ್ರದಾಟವನ್ನು ಧಾರಾಳವಾಗಿ ಕೊಳ್ಳಬಹುದು. ಆದರೆ ಪೆಟ್ಟಿಗೆ ಬಿಚ್ಚಿದ ಕೂಡಲೇ ಮಕ್ಕಳ ಮುಂದೆ ಹರಡುವ ಸಾಮಾನು ಇದಲ್ಲ, ಅರ್ಧ ದಿನದ ತಯಾರಿ ಬೇಕು.

ಮಂಗಳೂರಿನ ಚರ್ಚ್ ಫೆಸ್ಟುಗಳಲ್ಲಿ ಆಡಿಸುವ, ಕೂಗಿದ ಅಂಕಿಗೆ ತಮ್ಮ ಚೀಟಿಯಲ್ಲಿ ಗುರುತು ಹಾಕುತ್ತ ಹೋಗುವ ಹೌಸಿ-ಹೌಸಿಗೆ (ತಂಬೋಲ) ಲೊತೆರಿಯಾ ಹತ್ತಿರದ ನೆಂಟ. ಇಲ್ಲಿ ಅಂಕಿಯ ಬದಲು ಚಿತ್ರ. 54 ಎಲೆಗಳ (ಕಾರ್ಡುಗಳ) ಒಂದು ಕಟ್ಟು, ಸಾಮಾನ್ಯವಾಗಿ 10 ಹಲಗೆ, ಒಂದೊಂದು ಹಲಗೆಯಲ್ಲಿ ನಾಲ್ಕು ಸಾಲಾಗಿ 16 ಚಿತ್ರ. ಕೂಗುವವರು ಎಲೆ ಎತ್ತಿ, ಹೆಸರು ಹೇಳುವ ಮೊದಲು ಒಂದು ಸಾಲಿನ ಪದ್ಯವನ್ನೋ ಒಗಟನ್ನೋ ಹಾಕುತ್ತಾರೆ. ಕಥೆ ಹೇಳುವವರಿಗೆ ಈ ಪೆಟ್ಟಿಗೆ ಬೇಕಾಗುವುದು ಆ ಒಂದು ಸಾಲಿಗಾಗಿ. ಈಗಲೂ ಚಾಲ್ತಿಯಲ್ಲಿರುವ ಚಿತ್ರಗಳು 1887ರಲ್ಲಿ ಕ್ಲೆಮೆಂತೆ ಜ್ಯಾಕ್ ಎಂಬ ಫ್ರೆಂಚ್ ವ್ಯಾಪಾರಿ ಮೆಕ್ಸಿಕೋದಲ್ಲಿ ಅಚ್ಚು ಹಾಕಿಸಿದವು. ಕೊಳ್ಳುವುದಾದರೆ ಹುಂಜದ ಗುರುತಿರುವ ದೋನ್ ಕ್ಲೆಮೆಂತೆ ಪೆಟ್ಟಿಗೆಯನ್ನೇ ಕೊಳ್ಳಿ.

ಏಪ್ರಿಲ್ 30 ಮೆಕ್ಸಿಕೋದಲ್ಲಿ ಮಕ್ಕಳ ದಿನ. ಅಮೆರಿಕದ ಕವಯಿತ್ರಿ ಪ್ಯಾಟ್ ಮೋರಾ ಅದಕ್ಕೆ ಪುಸ್ತಕಗಳನ್ನೂ ಸೇರಿಸಿ, ಎಲ್ಲ ಭಾಷೆ-ಸಂಸ್ಕೃತಿಗಳ ಮಕ್ಕಳ ಓದಿನ ಹಬ್ಬ ಮಾಡುವ ಯೋಚನೆ ಕೊಟ್ಟದ್ದು 1996ರಲ್ಲಿ. ನಮ್ಮಲ್ಲಿ ಆಗ ದೊಡ್ಡ ರಜೆ. ಶಿಬಿರಗಳು ನಡೆಯುತ್ತಿರುತ್ತವೆ, ಪಂಚಾಯತಿನ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಈಗ ಪದ್ಯಗಳ ವಿಷಯ. 1ನೇ ಎಲೆ ಹುಂಜ. ‘ಸಂತ ಪೇದ್ರನಿಗೆ ಕೂಗಿದವನು ಮತ್ತೆ ಕೂಗಲಾರ’ ಎಂಬುದು ಹಳೆಯ ಸಾಲು; ಪೇದ್ರ ಎಂದರೆ ಯೇಸುವಿನ ಶಿಷ್ಯ ಪೀಟರ್. ಕ್ರೈಸ್ತ ಮನೆಗಳ ಮಕ್ಕಳು ತಟ್ಟನೆ ಉತ್ತರ ಹೇಳುತ್ತಾರೆ, ಉಳಿದವರು ಅವರಿಂದ ಕಥೆ ಕೇಳುತ್ತಾರೆ. 30ನೇದು ಸೀಗಡಿ: ‘ನಿದ್ದೆಹೋದ ಸೀಗಡಿಯನ್ನು ಸೆಳೆತ ಒಯ್ಯುತ್ತದೆ’. ಮಲ್ಪೆ, ಗಂಗೊಳ್ಳಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 48ನೇದರಲ್ಲಿ ಪುಟ್ಟ ದೋಣಿಯಲ್ಲಿ ಕೂತು ಹುಟ್ಟು ಹಾಕುವ ಲುಪಿತಾ. ಸೂರ್ಯನದ್ದು ಮಾತ್ರ ಇಲ್ಲಿ ಕೆಲಸ ಮಾಡುವುದಿಲ್ಲ. ‘ಬಡವರ ಕಂಬಳಿ’ ಎನ್ನುತ್ತದೆ ಪದ್ಯ. ಏಪ್ರಿಲ್ ತಿಂಗಳ ಉಡುಪಿಯಲ್ಲಿ ಆ ಕಂಬಳಿ ಯಾರಿಗೆ ಬೇಕು? ಮೆಕ್ಸಿಕೋ ನಗರ ಇರುವುದು 2,200 ಮೀಟರಿಗೂ ಎತ್ತರದಲ್ಲಿ, ಅಲ್ಲಿ ರಾತ್ರಿ ಚಳಿ ಎಂದು ಮೊದಲೇ ಹೇಳಿಡಿ. ಇಲ್ಲವೇ ಆ ಎಲೆಗೆ ತುಳುವಿನ ಒಂದು ಎದುರುಕತೆ (ಒಗಟು) ಹೊಂದಿಸಿ.

ಮೂರು ಎಲೆಗಳು ಮಕ್ಕಳ ಕೂಟಕ್ಕೆ ಸಲ್ಲವು: 25 ಕುಡುಕ, 26 ಮತ್ತು 38 ಕಪ್ಪುಜನರನ್ನೂ ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರನ್ನೂ ಹಳೆಯ ಕಾಲದ ಕಣ್ಣಿಂದ ಬರೆದವು. ಸುಮ್ಮನೆ ತೆಗೆದುಬಿಟ್ಟರೆ ಆ ಚಿತ್ರವಿರುವ ಹಲಗೆಗಳು ಎಂದೂ ತುಂಬುವುದಿಲ್ಲ, ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ. ಆ ಮನೆಗಳನ್ನು ‘ಫ್ರೀ’ ಮಾಡಿದರೆ ಹಲಗೆ ಸಿಕ್ಕವರಿಗೆ ಲಾಭ. ಹಲಸು, ಏಡಿ, ಚೆಂಡೆ ಬರೆದು ಎಲೆಗೂ, ಆಯಾ ಚಿತ್ರ ಇರುವ ಎಲ್ಲ ಹಲಗೆಗಳಿಗೂ ಅಂಟಿಸುವುದೇ ಸರಿ. ಎಲೆಯ ಮೇಲೆ ಸ್ಪ್ಯಾನಿಷ್ ಹೆಸರನ್ನು ಕನ್ನಡದಲ್ಲಿ ಬರೆಯುವ ಕೆಲಸವೂ ಆಗಲೇ ಮುಗಿಯಲಿ. ಹುಂಜ ‘ಗಾಯೋ’, ‘ಗ್ಯಾಲೊ’ ಅಲ್ಲ.

ಇಷ್ಟಾದ ಮೇಲೆ ಲ್ಯಾಮಿನೇಷನ್. ಹಲಗೆಯ ರಟ್ಟು ತೆಳು, ಜೂನ್ ಹೊತ್ತಿಗೆ ನಮ್ಮ ಥಂಡಿಗೆ ಸುರುಳಿಯಾಗುತ್ತದೆ. ಕತ್ತರಿಸುವಾಗ ಸುತ್ತ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಬಿಡಿ. ಚಿತ್ರಕ್ಕೆ ಒತ್ತಿ ಕತ್ತರಿಸಿದರೆ ಅಂಚಿನಿಂದ ತೇವ ಒಳಹೋಗಿ ಪದರ ಬಿಡುತ್ತದೆ. ಜೆರಾಕ್ಸ್ ಅಂಗಡಿಯವರು ಸಾಮಾನ್ಯವಾಗಿ ಹೊಳಪಿನದ್ದನ್ನೇ ಹಾಕುತ್ತಾರೆ, ಅದರ ಮೇಲೆ ಗುರುತಿಗೆ ಇಡುವ ಕಾಳು ಜಾರುತ್ತದೆ. ಮ್ಯಾಟ್ ಕೇಳಿ.

ಗುರುತಿಗೆ ಮೆಕ್ಸಿಕೋದಲ್ಲಿ ಬೀನ್ಸ್ ಕಾಳು ಇಡುತ್ತಾರೆ. ಇಲ್ಲಿ ಹುಣಸೆ ಬೀಜವೇ ವಾಸಿ. ಕಡಲೆ ಉರುಳುತ್ತದೆ, ಕಾಗದದ ಚೂರು ಫ್ಯಾನಿಗೆ ಹಾರುತ್ತದೆ. 10 ಹಲಗೆಗೆ 160 ಸಾಕು, 200 ಇಟ್ಟುಕೊಳ್ಳಿ. ಮೂರು ವರ್ಷದೊಳಗಿನ ತಮ್ಮ-ತಂಗಿಯರು ಪಕ್ಕದಲ್ಲಿದ್ದರೆ ಬೀಜ ಬೇಡ, ಮೂಗಿಗೆ ಹೋಗುತ್ತದೆ. ಅಂಗಿಯ ದೊಡ್ಡ ಗುಂಡಿ ಕೊಡಿ.

ಆಡಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ: ಇಡೀ ಹಲಗೆ ತುಂಬಬೇಕು ಎಂಬ ನಿಯಮ. ಆಗ ಗೆಲ್ಲುವ ಹೊತ್ತಿಗೆ ಹೆಚ್ಚುಕಮ್ಮಿ 40 ಎಲೆ ದಾಟಿರುತ್ತದೆ. ಒಗಟಿಗೆ ಅರ್ಧ ನಿಮಿಷವೆಂದರೂ 20 ನಿಮಿಷ, ಚಿಕ್ಕವರು ಅಷ್ಟರಲ್ಲಿ ಎದ್ದಿರುತ್ತಾರೆ. ಒಂದು ಸಾಲು ಅಥವಾ ನಾಲ್ಕು ಮೂಲೆ ಸಾಕು. ಮಕ್ಕಳು ಜಾಸ್ತಿ ಇದ್ದರೆ ಹಲಗೆಯನ್ನು ಜೆರಾಕ್ಸ್ ಮಾಡಿಸಬೇಡಿ, ಒಂದೇ ಹಲಗೆ ಇಬ್ಬರಿಗೆ ಹೋದರೆ ಇಬ್ಬರೂ ಒಟ್ಟಿಗೆ ಗೆಲ್ಲುತ್ತಾರೆ. 54ರಲ್ಲಿ ಬೇಕಾದ 16 ಚಿತ್ರ ಆರಿಸಿ ತಮ್ಮ ಹಲಗೆ ತಾವೇ ಬರೆಯಲಿ.

ಆಟ ಮುಗಿದ ಮೇಲೆ ಕಥೆ ಕಟ್ಟಿಸುವುದು. ಕಟ್ಟನ್ನು ಮೂರು ರಾಶಿ ಮಾಡಿ: ಜೀವಿಗಳು, ವಸ್ತುಗಳು, ಗಿಡ-ಮರ-ಆಕಾಶ. ರಾಶಿಗೊಂದರಂತೆ ಪ್ರತಿ ಗುಂಪಿಗೂ ಮೂರು ಎಲೆ. ಐದು ಕೊಟ್ಟರೆ ‘ಕಪ್ಪೆ ಬಂತು, ಆಮೇಲೆ ಗಂಟೆ ಬಂತು’ ಎಂದು ಪಟ್ಟಿ ಓದುತ್ತಾರೆ. ಮೂರನೆಯ ರಾಶಿ ಸಣ್ಣದು, ಆದ್ದರಿಂದ ಬಳಸಿದ ಎಲೆ ಮತ್ತೆ ಸೇರಿಸಿ.

14ರ ಸಾವು, 42ರ ತಲೆಬುರುಡೆ ಕಂಡು ಹಿಂಜರಿಯುವ ಹೆತ್ತವರಿದ್ದಾರೆ. ಅದಕ್ಕೆ ಜೊತೆಗೊಂದು ಪುಸ್ತಕ: ಯೂಯಿ ಮೊರಾಲೆಸ್ ಅವರ 2003ರ ‘ಜಸ್ಟ್ ಎ ಮಿನಿಟ್’. ಅಜ್ಜಿಯನ್ನು ಕರೆದೊಯ್ಯಲು ಅಸ್ಥಿಪಂಜರದ ಕಲಾವೇರಾ ಬಾಗಿಲಿಗೆ ಬರುತ್ತಾನೆ. ಒಂದು ಮನೆ ಗುಡಿಸಬೇಕು, ಎರಡು ಪಾತ್ರೆ ಚಹಾ ಕಾಯಿಸಬೇಕು ಎಂದು ಅಜ್ಜಿ ಎಣಿಸುತ್ತ ಅವನನ್ನು ಕಾಯಿಸುತ್ತಾಳೆ. ಕೊನೆಗೆ ಅವಳ ಹುಟ್ಟುಹಬ್ಬದ ಊಟಕ್ಕೆ ಅವನೂ ಕೂರುತ್ತಾನೆ. ಚಿತ್ರಗಳಿಗೆ 2004ರ ಪೂರಾ ಬೆಲ್ಪ್ರೆ ಪ್ರಶಸ್ತಿ ಬಂದಿದೆ. ನ್ಯೂಯಾರ್ಕಿನ ಗ್ರಂಥಾಲಯದಲ್ಲಿ ಗೊಂಬೆ ಹಿಡಿದು ಪೋರ್ಟೊ ರಿಕೋದ ಕಥೆ ಹೇಳುತ್ತಿದ್ದ ಗ್ರಂಥಪಾಲಕಿಯ ಹೆಸರಿನ ಪ್ರಶಸ್ತಿ ಅದು. ಇಂಗ್ಲಿಷ್ ಪಠ್ಯವನ್ನು ಓದದೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ, ಸ್ಪ್ಯಾನಿಷ್ ಎಣಿಕೆ ಮಾತ್ರ ಹಾಗೇ ಇರಲಿ: ಊನೋ, ದೋಸ್, ತ್ರೇಸ್. ಆಮೇಲೆ 42ನೇ ಎಲೆ ಬಂದಾಗ ಮಕ್ಕಳು ನಗುತ್ತಾರೆ.

ಎರಡಕ್ಕೂ ದುಡ್ಡು ಸಾಲದಿದ್ದರೆ ಪೆಟ್ಟಿಗೆ ಮೊದಲು. ಶಿಬಿರ ಮುಗಿದ ಮೇಲೆ ಎಲೆಗಳನ್ನು ಎಣಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಮಳೆಗಾಲ ಕಳೆಯುವುದರೊಳಗೆ ಅದು ಕರಗಿ ಎಲೆಗೆ ಅಂಟಿರುತ್ತದೆ.