ಪಾಠಕ್ಕೆ ದುಡ್ಡು ಬಂತು, ತಂತಿಗೆ ಮೊದಲು ನೀವೇ ಹಾಕಿ ಅಂದರು

ಒಂದು ಸಂಗೀತ ಸ್ಕಾಲರ್‌ಶಿಪ್ಪಿಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ. ಆ ಅರ್ಧ ಸ್ಟಾರ್ ಅದನ್ನು ಕೊಡುವವರ ಆಫೀಸಿನ ಒಬ್ಬ ಹೆಂಗಸಿಗೆ ಸೇರಿದ್ದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಅಕ್ಕನ ಮಗಳು ನನ್ನ ಜೊತೆ ಇರುತ್ತಾಳೆ. ಚೆಲ್ಲೋ ನುಡಿಸುತ್ತಾಳೆ. ಪಿಟೀಲಿನ ಜಾತಿಯದೇ, ಆದರೆ ಕೂತು ಮೊಣಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ವಾದ್ಯ. ಈಗ 13 ವರ್ಷ. ಎರಡು ವರ್ಷದಿಂದ ಅವಳಿಗೆ ಒಂದು ಸಂಗೀತ ಸ್ಕಾಲರ್‌ಶಿಪ್ ಬರುತ್ತಿದೆ. ಪ್ರತಿಭೆ ಇದೆ, ಅನುಕೂಲ ಇಲ್ಲ ಅನ್ನುವಂಥ ಮಕ್ಕಳಿಗೆ ಕೊಡುವುದು. ಹೆಸರು ಹಾಕುತ್ತಿಲ್ಲ. ಇಲ್ಲಿ ನಾನು ಗೊಣಗುವುದರಲ್ಲಿ ಮುಕ್ಕಾಲು ಪಾಲು ಬೇರೆ ಸ್ಕಾಲರ್‌ಶಿಪ್‌ಗಳಲ್ಲೂ ಹಾಗೇ ಇದೆ ಅಂತ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಹೇಳಿದ್ದಾರೆ. ಅಲ್ಲದೆ ನಮಗೆ ಇನ್ನೂ ಒಂದು ವರ್ಷ ಬಾಕಿ ಇದೆ, ಸುಮ್ನೆ ಯಾಕೆ ಮೈಮೇಲೆ ಎಳೆದುಕೊಳ್ಳುವುದು!

ಮೊದಲು ಅರ್ಜಿ. ನಾನು ಮನೆಯಲ್ಲೇ ಬಟ್ಟೆ ಆಲ್ಟರೇಷನ್ ಮಾಡುತ್ತೇನೆ. ಜಿಪ್ ಬದಲಾಯಿಸುವುದು, ಪ್ಯಾಂಟ್ ಗಿಡ್ಡ ಮಾಡುವುದು, ಸೊಂಟ ಹಿಡಿಸುವುದು. ಒಂದು ವಾರ ರಾತ್ರಿ ಹನ್ನೆರಡಾದರೂ ಮಷಿನ್ ನಿಲ್ಲುವುದಿಲ್ಲ. ಇನ್ನೊಂದು ವಾರ ಅದರ ಮೇಲೆ ಧೂಳು ಕೂರುತ್ತದೆ. ಅರ್ಜಿ ಕೇಳಿದ್ದು ಕೆಲಸ ಮಾಡುವ ಕಂಪನಿಯ ಹೆಸರು, ಹುದ್ದೆ, ಮೇಲಧಿಕಾರಿಯ ಹೆಸರು, ಮೂರು ತಿಂಗಳ ಸಂಬಳದ ಚೀಟಿ. ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ, ಕೆಂಪು ಗೆರೆ ಬರುತ್ತದೆ. ಕೊನೆಗೆ ಕಂಪನಿ ಅನ್ನುವಲ್ಲಿ ನನ್ನ ಹೆಸರು ಹಾಕಿದೆ. ಮೇಲಧಿಕಾರಿ ಅನ್ನುವಲ್ಲೂ ನನ್ನದೇ. ಸಂಬಳದ ಚೀಟಿ ಕೇಳಿದ ಜಾಗದಲ್ಲಿ ನನ್ನ ಲೆಕ್ಕದ ಪುಸ್ತಕದ ಆರು ಪುಟಗಳ ಫೋಟೋ ಹಾಕಿದೆ, ಗಿರಾಕಿಗಳ ಹೆಸರು ಮುಚ್ಚಿ. ಅಷ್ಟೂ ಪುಟಗಳ ಮೂಲೆಯಲ್ಲಿ ನಮ್ಮ ಹುಡುಗಿ ಸ್ವರ ಬರೆದುಕೊಂಡಿದ್ದಳು, ಅದನ್ನು ಮುಚ್ಚಲಿಲ್ಲ.

ಬಡತನ ತೋರಿಸಿ ಸಂಗೀತಕ್ಕೆ ದುಡ್ಡು ಕೇಳುವುದು ಹೊಸದೇನೂ ಅಲ್ಲ ಅಂತ ಅವಳ ಟೀಚರ್ ಸಮಾಧಾನ ಹೇಳಿದರು. ದ್ವೊರಾಕ್ ಎಂಬ ಚೆಕ್ ಸಂಗೀತಗಾರ 1874ರಲ್ಲಿ ಇದೇ ತರಹದ ಅರ್ಜಿ ಹಾಕಿದ್ದರಂತೆ. ಆಸ್ಟ್ರಿಯಾ ಸರ್ಕಾರ ಬಡ, ಪ್ರತಿಭಾವಂತ ಯುವ ಕಲಾವಿದರಿಗೆ ಕೊಡುತ್ತಿದ್ದ ಹಣ ಅದು. ಮರುವರ್ಷ 400 ಗುಲ್ಡನ್ ಮಂಜೂರಾಯಿತು. ಮುಂದೆ ಅದರ ತೀರ್ಪುಗಾರರಲ್ಲಿ ದೊಡ್ಡ ಜರ್ಮನ್ ಸಂಗೀತಗಾರ ಬ್ರಾಮ್ಸ್ ಕೂಡ ಇದ್ದರು. 1877ರಲ್ಲಿ ಬ್ರಾಮ್ಸ್ ತಮ್ಮ ಪ್ರಕಾಶಕರಿಗೆ ಕಾಗದ ಬರೆದು, ಇವನ ಸಂಗೀತ ಅಚ್ಚು ಹಾಕಿ ಅಂದರು. ಲೋಕಕ್ಕೆ ದ್ವೊರಾಕ್ ಹೆಸರು ಗೊತ್ತಾಗಿದ್ದು ಅಲ್ಲಿಂದ. ಹಣಕ್ಕಿಂತ ಆ ಕಾಗದ ದೊಡ್ಡದು ಅಂತ ಟೀಚರ್ ವಾದ. ಇರಬಹುದು. ಆದರೆ ಹಣ ಕೇಳಿ ಅರ್ಜಿ ಹಾಕದೇ ಇದ್ದಿದ್ದರೆ ಬ್ರಾಮ್ಸ್ ಕಣ್ಣಿಗೆ ಬೀಳುತ್ತಿದ್ದರಾ ಅಂತ ನಾನು ಕೇಳಿದೆ.

ಆಮೇಲೆ ರೆಕಾರ್ಡಿಂಗ್. ಎರಡು ಪೀಸ್, ಒಂದು ನಿಧಾನದ್ದು, ಒಂದು ಚುರುಕಿನದು. ಮಧ್ಯೆ ಕತ್ತರಿಸುವ ಹಾಗಿಲ್ಲ. ಎಡಗೈ ಬೆರಳು, ಬಲಗೈ ಕಮಾನು ಎರಡೂ ಕಾಣಬೇಕು. ಒಂದಕ್ಕೆ ಪಿಯಾನೋ ಸಾಥ್ ಇರಲೇಬೇಕು. ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಪಿಯಾನೋ ನುಡಿಸುವವರು ಅಭ್ಯಾಸಕ್ಕೆ ಒಂದು ಸಲ, ರೆಕಾರ್ಡಿಂಗಿಗೆ ಒಂದು ಸಲ ಬರಬೇಕು. ಎರಡಕ್ಕೂ ದುಡ್ಡು. ಪಿಯಾನೋ ಇರುವ ಜಾಗಕ್ಕೆ ಬಾಡಿಗೆ ಬೇರೆ. ದುಡ್ಡಿಲ್ಲದವರ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಲು ಎಷ್ಟು ದುಡ್ಡು ಬೇಕು ಅಂತ ನೋಡಿ! ಸಿಟ್ಟಿನಲ್ಲಿ ಒಂದು ಮೇಲ್ ಬರೆದೆ, ತಪ್ಪುಗಳ ಸಮೇತ ಕಳಿಸಿಯೂ ಬಿಟ್ಟೆ.

ಮರುದಿನ ಫೋನ್ ಬಂತು. ಇವರೇ ನಾನು ಹೇಳಿದ ಹೆಂಗಸು. "ಪಿಯಾನೋ ಬೇಡ. ಅವಳು ಒಬ್ಬಳೇ ನುಡಿಸೋ ಪೀಸ್ ಎರಡು ಕಳಿಸಿ. ಈ ನಿಯಮ ಬರೆದೋರಿಗೆ ಇದು ಹೊಳೆದೇ ಇಲ್ಲ ನೋಡಿ" ಅಂದರು. ಮುಂದಿನ ವರ್ಷದ ಅರ್ಜಿಯಲ್ಲಿ ಆ ಸಾಲೇ ಇರಲಿಲ್ಲ. ಅರ್ಧ ಸ್ಟಾರ್ ಇದಕ್ಕೆ.

ರೆಕಾರ್ಡಿಂಗ್ ಮಾಡಿದ್ದು ನನ್ನ ಹೊಲಿಗೆ ಕೋಣೆಯಲ್ಲಿ. ದಾರದ ಡಬ್ಬಕ್ಕೆ ಫೋನ್ ಒರಗಿಸಿದ್ದೆವು. ಚೆಲ್ಲೋದ ಕೆಳಗೆ ಒಂದು ಲೋಹದ ಕಾಲು ಇರುತ್ತದೆ, ಅದರ ಚೂಪು ತುದಿ ನೆಲಕ್ಕೆ ಊರಿಕೊಂಡಿರಬೇಕು. ನಮ್ಮ ನೆಲ ನುಣುಪು. ಅವಳು ಜೋರಾಗಿ ಕಮಾನು ಎಳೆದರೆ ಇಡೀ ವಾದ್ಯ ಮುಂದಕ್ಕೆ ಜಾರುತ್ತಿತ್ತು. ಕೊನೆಗೆ ಹಳೇ ಪ್ಯಾಂಟಿನ ಬೆಲ್ಟ್ ಒಂದನ್ನು ಕುರ್ಚಿಯ ಕಾಲಿಗೆ ಕಟ್ಟಿ, ಬೆಲ್ಟಿನ ತೂತಿಗೆ ಆ ತುದಿ ಸಿಕ್ಕಿಸಿದೆ. ಹನ್ನೊಂದನೇ ಸಲ ಚೆನ್ನಾಗಿ ಬಂತು, ಕೊನೆಯ ಸಾಲಲ್ಲಿ ಮೇಲಿನ ಮನೆಯವರು ಡ್ರಿಲ್ ಶುರು ಮಾಡಿದರು. ಹದಿನಾಲ್ಕನೆಯದನ್ನು ಕಳಿಸಿದೆವು. ಆಯ್ಕೆಯೂ ಆಯಿತು. ಆ ಬೆಲ್ಟ್ ಇವತ್ತಿಗೂ ಅವಳ ಚೀಲದಲ್ಲೇ ಇದೆ.

ಈಗ ಕೊಡುವುದೇನು ಅಂತ ಹೇಳಬೇಕು. ವಾರಕ್ಕೊಂದು ಗಂಟೆ ಪಾಠ, ವಾದ್ಯ ಎರವಲು, ಪರೀಕ್ಷೆ ಶುಲ್ಕ. ಪಾಠದ ಹಣ ನೇರ ಟೀಚರ್‌ಗೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಇದನ್ನು ಕೆಲವರು ಅವಮಾನ ಅಂತಾರೆ. ನನಗೆ ಹಾಗೆ ಅನಿಸಲಿಲ್ಲ. ಮೊದಲೆಲ್ಲ ಫೀಸು ತಡವಾದಾಗ ಇವಳು ಟೀಚರ್ ಮುಖ ನೋಡದೆ ತಂತಿ ಶ್ರುತಿ ಮಾಡುತ್ತಾ ಕೂರುತ್ತಿದ್ದಳು. ಈಗ ಒಳಗೆ ಹೋಗುವಾಗಲೇ ಮಾತು ಶುರು. ಪಾಠದ ವಿಷಯಕ್ಕೆ ಐದಕ್ಕೆ ಐದು.

ವಾದ್ಯದ ವಿಷಯಕ್ಕೆ ಅಷ್ಟು ಕೊಡಲಾರೆ. ಚೆಲ್ಲೋ ಮಕ್ಕಳ ಚಪ್ಪಲಿ ಇದ್ದ ಹಾಗೆ, ಬೆಳೆದಂತೆ ಅಳತೆ ಬದಲಾಗುತ್ತದೆ. ಕಾಲು, ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ಆಗ ಇವಳಿಗೆ 11, ಮುಕ್ಕಾಲಿನದು ಬಂತು. ಪೆಟ್ಟಿಗೆ ತೆರೆದರೆ ತಂತಿ ಹೊತ್ತು ನಿಲ್ಲುವ ಬ್ರಿಡ್ಜ್ ಮುಂದಕ್ಕೆ ವಾಲಿತ್ತು. ತಂತಿಗಳು ಯಾವ ಕಾಲದವೋ. ಎಫ್ ಸ್ವರದ ಹತ್ತಿರ ಹೋದರೆ ನಾದ ಒಡೆದು ಗುರ್ ಅನ್ನುತ್ತಿತ್ತು. ಇದಕ್ಕೆ ತೋಳದ ಸ್ವರ ಅಂತಲೇ ಹೆಸರಂತೆ. ತಂತಿಯ ನಡುಕವೂ ಮರದ ಮೈಯ ನಡುಕವೂ ಒಂದಕ್ಕೊಂದು ತಾಕಲಾಡಿದಾಗ ಆಗುವುದು, ಒಳ್ಳೊಳ್ಳೇ ಚೆಲ್ಲೋಗಳಲ್ಲೂ ಇರುತ್ತದೆ ಅಂದರು ಟೀಚರ್. ಸರಿ, ತೋಳ ಯಾರ ತಪ್ಪೂ ಅಲ್ಲ. ವಾಲಿದ ಬ್ರಿಡ್ಜ್ ಮಾತ್ರ ಕಳಿಸುವ ಮುಂಚೆ ಒಬ್ಬರು ನೋಡಬಹುದಿತ್ತು, ಅಲ್ವಾ?

ಇನ್ನು ನನ್ನ ದೊಡ್ಡ ತಕರಾರು. ತಂತಿ, ಕಮಾನಿನ ಕೂದಲು, ರಿಪೇರಿ ಇವಕ್ಕೆಲ್ಲ ದುಡ್ಡು ಕೊಡುತ್ತಾರೆ, ಆದರೆ ಮೊದಲು ನಾವು ಖರ್ಚು ಮಾಡಿ ಬಿಲ್ ಕಳಿಸಬೇಕು. ಹಣ ವಾಪಸ್ ಬರುವುದು 45 ದಿನದೊಳಗೆ. ಮೊದಲೇ ಕೈಯಲ್ಲಿ ಕಾಸಿರುವವರು ಮಾಡಿದ ನಿಯಮ ಇದು. ಪರೀಕ್ಷೆಗೆ ಎರಡು ವಾರ ಇರುವಾಗ ಎ ತಂತಿ ತುಂಡಾಯಿತು. ನಾಲ್ಕರಲ್ಲಿ ತೀರಾ ತೆಳುವಾದದ್ದು ಅದು, ರಾಗವೆಲ್ಲ ಜಾಸ್ತಿ ಅದರ ಮೇಲೇ ಓಡಾಡುವುದು. ಆ ವಾರ ನನ್ನ ಮಷಿನ್ ಮೇಲೆ ಧೂಳು ಕೂತ ವಾರ. ಆರು ದಿನ ಅವಳು ಮೂರೇ ತಂತಿಯಲ್ಲಿ ಅಭ್ಯಾಸ ಮಾಡಿದಳು. ಮೇಲಿನ ಸ್ವರಗಳು ಬಂದಾಗ ಕಮಾನನ್ನು ಗಾಳಿಯಲ್ಲೇ ಆಡಿಸಿ, ಬಾಯಲ್ಲಿ ಹಾಡಿ ಮುಂದೆ ಹೋಗುತ್ತಿದ್ದಳು. ಏಳನೇ ದಿನ ಒಬ್ಬರು ಕೋಟಿನ ಹೊಲಿಗೆಗೆ ಮುಂಗಡ ಕೊಟ್ಟರು, ತಂತಿ ಬಂತು. ಸ್ಕಾಲರ್‌ಶಿಪ್ಪಿನ ಹಣವೂ ಬಂತು, ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ. ವಾದ್ಯದ ಜೊತೆಗೇ ಒಂದು ಹೆಚ್ಚುವರಿ ತಂತಿ ಸೆಟ್ ಇಟ್ಟು ಕಳಿಸಿದ್ದರೆ ಈ ಪುರಾಣವೇ ಇರುತ್ತಿರಲಿಲ್ಲ. ಕಮಾನಿಗೆ ಕಟ್ಟುವುದು ಕುದುರೆ ಬಾಲದ ಕೂದಲು, ಅದೂ ಸವೆಯುತ್ತದೆ, ಅದಕ್ಕೂ ಇದೇ ಕತೆ.

ಓಡಾಟದ ಖರ್ಚಂತೂ ಪಟ್ಟಿಯಲ್ಲೇ ಇಲ್ಲ. ಪಿಟೀಲಾದರೆ ಹೆಗಲಿಗೆ ಹಾಕಿಕೊಂಡು ಹೇಗೋ ನುಗ್ಗಬಹುದು. ಚೆಲ್ಲೋಗೆ ಒಬ್ಬ ಮನುಷ್ಯನ ಜಾಗ ಬೇಕು, ತುಂಬಿದ ಬಸ್ಸಿನಲ್ಲಿ ಯಾರು ಕೊಡುತ್ತಾರೆ?

ದಾನಿಗಳ ಸಂಜೆ ಅಂತ ವರ್ಷಕ್ಕೊಂದು ಕಾರ್ಯಕ್ರಮ. ಮಕ್ಕಳು ನುಡಿಸುತ್ತಾರೆ. ಮೊದಲ ವರ್ಷ ಒಬ್ಬ ಆಯೋಜಕರು ಇವಳ ಕೈಗೆ ಒಂದು ಚೀಟಿ ಕೊಟ್ಟು, ನುಡಿಸುವ ಮುಂಚೆ ಇದನ್ನು ಓದು ಅಂದರು. ನಾನು ಇಣುಕಿ ನೋಡಿದೆ. ಅವಳ ಅಮ್ಮ ತೀರಿಹೋಗಿದ್ದು, ನಾನು ಹೊಲಿಯುವುದು, ಎಲ್ಲ ಇತ್ತು. ಅರ್ಜಿಯಲ್ಲಿ ನಾನೇ ಬರೆದ ಮಾತುಗಳು, ಸ್ವಲ್ಪ ಸಿಂಗಾರ ಮಾಡಿದ್ದರು. ಇವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, "ನಾನು ನುಡಿಸ್ತೀನಿ ಅಷ್ಟೇ" ಅಂದಳು. ಆಯೋಜಕರು ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ಏನೂ ಓದದೆ ನುಡಿಸಿ ಬಂದಳು, ಯಾರೂ ಏನೂ ಅನ್ನಲಿಲ್ಲ. ಎರಡನೇ ವರ್ಷ ಚೀಟಿ ಇರಲಿಲ್ಲ. ಬೇರೆ ಮಕ್ಕಳಿಗೂ ಇರಲಿಲ್ಲವಾ ಅಂತ ನೋಡಿದೆ, ಇರಲಿಲ್ಲ.

ಅರ್ಜಿ ಹಾಕುವವರು ಎಷ್ಟು ವರ್ಷ ಕೊಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಅಮೆರಿಕದ ಗಾಯಕಿ ನೀನಾ ಸಿಮೋನ್ ಅವರಿಗೆ ಚಿಕ್ಕಂದಿನಲ್ಲಿ ಊರಿನವರೇ ನಿಧಿ ಕೂಡಿಸಿ ಪಿಯಾನೋ ಕಲಿಸಿದರು. 1951ರಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಗೆ ಪರೀಕ್ಷೆ ಕೊಟ್ಟರು. ಅಲ್ಲಿ 1928ರಿಂದ ಯಾರಿಗೂ ಫೀಸೇ ಇಲ್ಲ, ಸೀಟು ಸಿಕ್ಕಿದರೆ ಸಾಕು. ಸಿಗಲಿಲ್ಲ. ಕಪ್ಪು ಹುಡುಗಿ ಅಂತಲೇ ಕೊಡಲಿಲ್ಲ ಎಂದು ಅವರು ಕೊನೆವರೆಗೂ ನಂಬಿದ್ದರು. ಹೊಟ್ಟೆಪಾಡಿಗೆ ಬಾರ್ ಒಂದರಲ್ಲಿ ನುಡಿಸಲು ಹೋದವರು ಅಲ್ಲೇ ಗಾಯಕಿಯಾದರು. ಅದೇ ಸಂಸ್ಥೆ ಅವರಿಗೆ ಗೌರವ ಪದವಿ ಕೊಟ್ಟಿದ್ದು 2003ರಲ್ಲಿ, ಅವರು ಸಾಯುವುದಕ್ಕೆ ಎರಡು ದಿನ ಮೊದಲು. ಚಿಕ್ಕವರಿದ್ದಾಗ ಕೈ ಹಿಡಿಯುವವರು ಸಿಗುತ್ತಾರೆ, 17, 18ಕ್ಕೆ ಬಂದಾಗ ಯಾರಿದ್ದಾರೆ ಅನ್ನುವುದು ಪ್ರಶ್ನೆ. ನಮ್ಮದು ಮೂರು ವರ್ಷದ್ದು, ಇವಳಿಗೆ 14 ಆದಾಗ ಮುಗಿಯುತ್ತದೆ. ಮತ್ತೆ ಅರ್ಜಿ ಹಾಕಬಹುದಂತೆ. ಕಂಪನಿಯ ಹೆಸರು ಈ ಸಲ ಚೆನ್ನಾಗಿರೋದೇ ಇಡಬೇಕು ಅಂತ ಯೋಚಿಸುತ್ತಿದ್ದೇನೆ.

ಹೋದ ತಿಂಗಳು ಪೂರ್ತಿ ಅಳತೆಯ ಚೆಲ್ಲೋ ಬಂತು. ಬ್ರಿಡ್ಜ್ ನೆಟ್ಟಗಿದೆ, ಎ ತಂತಿ ಹೊಸದು. ಮುಕ್ಕಾಲಿನದನ್ನು ವಾಪಸ್ ಕಳಿಸುವಾಗ ವಾದ್ಯದ ಸ್ಥಿತಿ ಬರೆಯಲು ಒಂದು ಹಾಳೆ ಇತ್ತು. ಗೀರು ಎಲ್ಲಿ, ಬಿರುಕು ಎಲ್ಲಿ ಅಂತ. ಅದನ್ನು ನಾನು ತುಂಬಿದೆ. ಅವಳು ಹಾಳೆ ತಿರುಗಿಸಿ ಹಿಂದೆ ಬರೆದಳು: "ಎಫ್ ಹತ್ತಿರ ಗುರ್ ಅನ್ನುತ್ತೆ, ಹೆದರಬೇಡ. ಎರಡು ಮೊಣಕಾಲಿಂದ ಪಕ್ಕೆ ಸ್ವಲ್ಪ ಒತ್ತಿ ಹಿಡಿ, ನಿಲ್ಲುತ್ತೆ." ಹಾಳೆ ಆಫೀಸಿಗೆ ಹೋಗುತ್ತದೆ, ಮಗುವಿಗೆ ಸಿಗುವುದಿಲ್ಲ ಅಂದೆ. ಇನ್ನೊಂದು ಚೀಟಿಯಲ್ಲಿ ಅದನ್ನೇ ಬರೆದು, ಪೆಟ್ಟಿಗೆಯಲ್ಲಿ ಕಮಾನಿಗೆ ಹಚ್ಚುವ ರಾಳ ಇಡುವ ಖಾನೆಯೊಳಗೆ ಹಾಕಿ ಮುಚ್ಚಿದಳು.