ಫೆನ್‌ವೇ ಪಾರ್ಕ್, ಬೋಸ್ಟನ್: ಆಟ ಗೊತ್ತಿಲ್ಲದಿದ್ರೂ ಹೋಗಿ, ಆದ್ರೆ ಸೀಟು ನೋಡಿ ತೆಕ್ಕೊಳ್ಳಿ

ನಮ್ಮ ಕಾಸರಗೋಡು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಮಕ್ಕಳ ಮನೆಗೆ ಅಂತ ಅಮೇರಿಕಕ್ಕೆ ಹೋಗುವವರು ಈಗ ಸುಮಾರು ಜನ ಆಗಿದ್ದಾರೆ. ಹೋಗಿ ಎಂತ ಮಾಡುದು, ಮೊಮ್ಮಕ್ಕಳನ್ನು ನೋಡಿಕೊಳ್ಳುದು, ಒಂದು ಸಲ ನಯಾಗರ ನೋಡುದು, ಬೋಸ್ಟನ್ ಕಡೆ ಆದ್ರೆ ಹಾರ್ವರ್ಡ್‌ಗೆ ಹೋಗಿ ಆ ಪ್ರತಿಮೆಯ ಶೂ ಮುಟ್ಟಿ ಫೋಟೋ ತೆಗೆಸಿಕೊಳ್ಳುದು, ಮತ್ತೆ ಮನೆಯೊಳಗೆ ಕೂತು ಊರಿಗೆ ಫೋನ್ ಮಾಡಿ ಅಡಿಕೆಗೆ ರೇಟ್ ಎಷ್ಟಾಯ್ತು, ಮಳೆ ಬಂತಾ ಅಂತ ಕೇಳುದು. ಅಂಥವರಿಗೋಸ್ಕರ ಇದನ್ನು ಬರೀತಾ ಇದ್ದೇನೆ. ಬೋಸ್ಟನ್‌ನಲ್ಲಿ ಫೆನ್‌ವೇ ಪಾರ್ಕ್ ಅಂತ ಒಂದು ಹಳೇ ಬೇಸ್‌ಬಾಲ್ ಸ್ಟೇಡಿಯಂ ಉಂಟು, ರೆಡ್ ಸಾಕ್ಸ್ ಟೀಮಿನ ಊರುಮನೆ. ಅದನ್ನು ಮಿಸ್ ಮಾಡ್ಬೇಡಿ.

ನನಗೆ ಬೇಸ್‌ಬಾಲ್ ಅಷ್ಟಕ್ಕಷ್ಟೆ. ಅಳಿಯ "ಮಾವ, ಒಂದು ಮ್ಯಾಚ್ ನೋಡುವ, ನಿಮಗೆ ಹಳೇ ವಿಷಯ ಅಂದ್ರೆ ಇಷ್ಟ ಅಲ್ವಾ" ಅಂತ ಹೇಳಿ ಟಿಕೆಟ್ ತೆಗ್ದ. ನಮ್ಮವಳದ್ದು ಒಂದೇ ಪ್ರಶ್ನೆ, ಅಲ್ಲಿ ಕೂತ್ಕೊಳ್ಳುದು ಎಷ್ಟು ಹೊತ್ತು ಅಂತ. ಈಗ ಎರಡೂವರೆ ಗಂಟೆ, ಸ್ವಲ್ಪ ಹೆಚ್ಚು ಅಷ್ಟೆ. 2023ರಿಂದ ಪಿಚರ್ ಬಾಲ್ ಎಸೀಲಿಕ್ಕೆ ಇಂತಿಷ್ಟು ಸೆಕೆಂಡ್ ಅಂತ ಗಡಿಯಾರ ಇಟ್ಟಿದ್ದಾರೆ, ಮೊದಲು ಮೂರು ಗಂಟೆ ದಾಟ್ತಿತ್ತಂತೆ.

ಮೊದಲು ವಯಸ್ಸಿನ ವಿಷಯ. ಈ ಮೈದಾನದಲ್ಲಿ ಮೊದಲ ಲೀಗ್ ಮ್ಯಾಚ್ ಆದದ್ದು 1912ರ ಏಪ್ರಿಲ್ 20ಕ್ಕೆ. ಟೈಟಾನಿಕ್ ಮುಳುಗಿ ಐದೇ ದಿನ ಆಗಿತ್ತು, ಪೇಪರ್ ತುಂಬಾ ಅದೇ ಸುದ್ದಿ. ಅಮೇರಿಕದ ಮೇಜರ್ ಲೀಗ್‌ನಲ್ಲಿ ಈಗ್ಲೂ ಆಟ ನಡೆಯುವ ಮೈದಾನಗಳಲ್ಲಿ ಇದಕ್ಕಿಂತ ಹಳೇದು ಬೇರೆ ಇಲ್ಲ. ನೂರು ವರ್ಷ ಹಳೇ ಜಾಗ ಅಂದ್ರೆ ನಮ್ಮಲ್ಲಿ ಹೊರಗೆ ಒಂದು ಬೋರ್ಡ್, ಒಳಗೆ ಕಳೆ ಗಿಡ, ಟಿಕೆಟ್ ಕೌಂಟರ್‌ನಲ್ಲಿ ಒಬ್ಬ ಆಕಳಿಸುವವ. ಇಲ್ಲಿ ಹಾಗಲ್ಲ ಮಾರಾಯ್ರೆ, ಸೀಸನ್‌ನಲ್ಲಿ 81 ಮ್ಯಾಚ್ ಇಲ್ಲೇ ನಡೀತದೆ, 37 ಸಾವಿರದಷ್ಟು ಜನ ಕೂರ್ತಾರೆ, 2003ರಿಂದ 2013ರವರೆಗೆ ಲೀಗ್ ಮ್ಯಾಚ್‌ಗಳಿಗೆ ಸಾಲಾಗಿ 794 ಸಲ ಹೌಸ್‌ಫುಲ್ ಆಗಿತ್ತು.

ಜಾಗ ಇರುವುದು ಪೇಟೆಯ ನಟ್ಟನಡು. ಕೆನ್‌ಮೋರ್ ಸ್ಟೇಷನ್‌ನಲ್ಲಿ ಟ್ರೈನ್ ಇಳಿದು ಜನ ಎಲ್ಲಿ ಹೋಗ್ತಾರೋ ಅಲ್ಲಿ ಹೋದ್ರೆ ಸಾಕು, ದಾರಿ ಕೇಳುವ ಕೆಲಸ ಇಲ್ಲ. ಇಟ್ಟಿಗೆ ಗೋಡೆ, ಹಸಿರು ಬಣ್ಣದ ಕಬ್ಬಿಣ, ರಸ್ತೆ ಬದಿಯಲ್ಲಿ ಟೋಪಿ ಮಾರುವವರು, ಇಷ್ಟೇ ಕಾಣ್ತದೆ. ಹೊರಗಿನಿಂದ ನೋಡಿದ್ರೆ ಹಳೇ ಗೋಡೌನ್ ಅಂದ್ಕೊಳ್ಬೇಕು. ಒಳಗೆ ಹೋಗಿ ಕತ್ತಲೆ ಕತ್ತಲೆ ದಾರಿಯಲ್ಲಿ ಮೆಟ್ಟಿಲು ಹತ್ತಿ ಹೊರಗೆ ಬಂದ ಕೂಡ್ಲೇ ಒಮ್ಮೆಗೇ ಹಸಿರು, ಎದುರಿಗೆ ಆ ದೊಡ್ಡ ಗೋಡೆ.

ಗೋಡೆಯ ವಿಷಯ ಸ್ವಲ್ಪ ಹೇಳ್ಲೇಬೇಕು. ಗ್ರೀನ್ ಮಾನ್‌ಸ್ಟರ್ ಅಂತ ಹೆಸರು. ಎತ್ತರ 37 ಅಡಿ ಚಿಲ್ಲರೆ, ಬ್ಯಾಟ್ ಮಾಡುವ ಜಾಗದಿಂದ 310 ಅಡಿ ದೂರ. ಎಂತಕ್ಕೆ ಅಷ್ಟು ಎತ್ತರ ಅಂದ್ರೆ ಹಿಂದೆ ಲ್ಯಾನ್ಸ್‌ಡೌನ್ ಸ್ಟ್ರೀಟ್ ಉಂಟು, ಜಾಗ ಇಲ್ಲ, ಇದ್ದ ತುಂಡು ಜಾಗದಲ್ಲಿ ಮೈದಾನ ಕೂರಿಸಿದ್ದು, ಹಾಗಾಗಿ ಒಂದು ಕಡೆ ಹತ್ರ, ನಡುವಿನ ಮೂಲೆ 420 ಅಡಿ, ಬಲ ಬದಿಯ ಕಂಬ 302 ಅಡಿ, ಒಟ್ಟು ಸೊಟ್ಟ. ನಮ್ಮಲ್ಲಿ ಕೊಯ್ಲು ಆದ ಗದ್ದೆಯಲ್ಲಿ ಅಂಡರ್‌ಆರ್ಮ್ ಟೂರ್ನಮೆಂಟ್ ಇಡುವಾಗ ತೆಂಗಿನ ಸಾಲಿನ ಕಡೆ ಬೌಂಡರಿ ಹತ್ರ, ತೋಡಿನ ಕಡೆ ದೂರ, ತೋಡಿಗೆ ಬಿದ್ರೆ ಎಷ್ಟು ರನ್ ಅಂತ ಮೊದ್ಲೇ ಮಾತಾಡಿಕೊಳ್ತಾರಲ್ಲ, ಕೋಟಿ ಕೋಟಿ ಡಾಲರ್ ಸಂಬಳದ ಆಟಗಾರರು ಇಲ್ಲಿ ಅದೇ ಲೆಕ್ಕದಲ್ಲಿ ಆಡುದು. ಬೇರೆ ಮೈದಾನದಲ್ಲಿ ಸೀದಾ ಹೊರಗೆ ಹೋಗುವ ಹೊಡೆತ ಇಲ್ಲಿ ಗೋಡೆಗೆ ಬಡಿದು ವಾಪಸ್ ಬರ್ತದೆ, ಬೇರೆ ಕಡೆ ಸುಲಭ ಕ್ಯಾಚ್ ಆಗುವ ಎತ್ತರದ ಬಾಲ್ ಇಲ್ಲಿ ಗೋಡೆ ಹಾರಿ ಹೋಮ್ ರನ್ ಆಗ್ತದೆ. ಗೋಡೆಯಲ್ಲಿ ಒಂದು ಏಣಿ ಬೇರೆ ಉಂಟು, ಮೊದಲು ಮೇಲಿನ ಬಲೆಗೆ ಬಿದ್ದ ಬಾಲ್ ತೆಗೀಲಿಕ್ಕೆ ಇಟ್ಟದ್ದು, 2003ರಲ್ಲಿ ಬಲೆ ತೆಗ್ದು ಗೋಡೆಯ ಮೇಲೆ ಸೀಟು ಹಾಕಿದ್ರು, ಏಣಿ ಹಾಗೇ ಬಿಟ್ರು.

ಅದೇ ಗೋಡೆಯ ಬುಡದಲ್ಲಿ ಸ್ಕೋರ್‌ಬೋರ್ಡ್. ನನಗೆ ಇಡೀ ಸ್ಟೇಡಿಯಂನಲ್ಲಿ ಭಾರಿ ಇಷ್ಟ ಆದದ್ದು ಇದು. 1934ರದ್ದು, ಇನ್ನೂ ಕೈಯಲ್ಲೇ ನಡೀತದೆ. ಗೋಡೆಯ ಒಳಗೆ ಇಕ್ಕಟ್ಟು ಕೋಣೆ, ಅದರಲ್ಲಿ ಜನ ಕೂತು ಸಣ್ಣ ಕಿಂಡಿಯಲ್ಲಿ ಆಟ ನೋಡ್ತಾರೆ, ರನ್ ಆದ್ರೆ ನಂಬರ್ ಬರೆದ ತಗಡು ತೂಗಿಸ್ತಾರೆ. ಬೇರೆ ಊರಿನ ಮ್ಯಾಚ್‌ಗಳ ಸ್ಕೋರ್ ಕೂಡ ಅಲ್ಲೇ ಬರ್ತದೆ, ಕೆಲವು ನಂಬರ್ ಒಳಗಿನಿಂದ ಹಾಕ್ಲಿಕ್ಕೆ ಆಗುದಿಲ್ಲ, ಇನಿಂಗ್ಸ್ ಮಧ್ಯೆ ಹೊರಗೆ ಬಂದು ಬದಲಾಯಿಸ್ಬೇಕು. ಬೋರ್ಡಿನ ಬಿಳಿ ಗೆರೆಗಳಲ್ಲಿ ಚುಕ್ಕಿ, ಅಡ್ಡಗೆರೆ ಕಾಣ್ತದೆ, ಅದು ಮೋರ್ಸ್ ಕೋಡ್. ಟೀಮಿನ ಹಳೇ ಯಜಮಾನ ಟಾಮ್ ಯಾಕಿ, ಅವರ ಹೆಂಡತಿ ಜೀನ್ ಯಾಕಿ, ಇಬ್ಬರ ಹೆಸರಿನ ಮೊದಲಕ್ಷರ ಅಲ್ಲಿ ಉಂಟು. ಮೊಮ್ಮಗ ಫೋನ್‌ನಲ್ಲಿ ಝೂಮ್ ಮಾಡಿ ತೋರಿಸಿದ, ಇಲ್ಲಾಂದ್ರೆ ನಮಗೆ ಗೊತ್ತಾಗ್ತಿರ್ಲಿಲ್ಲ. ಬೇರೆ ಕಡೆ ದೊಡ್ಡ ದೊಡ್ಡ ವಿಡಿಯೋ ಪರದೆಯೂ ಹಾಕಿದ್ದಾರೆ ಮತ್ತೆ, ಅದು ಬೇರೆ ಎಲ್ಲ ಕಡೆ ಇರುವಂಥದ್ದೇ.

ಈಗ ಸೀಟು. ಇದನ್ನು ಸರಿಯಾಗಿ ಓದಿ, ದುಡ್ಡಿನ ವಿಷಯ. ಗ್ರ್ಯಾಂಡ್‌ಸ್ಟ್ಯಾಂಡ್ ಅಂತ ಮಾಡಿನ ಅಡಿಯಲ್ಲಿ ಒಂದು ಭಾಗ ಉಂಟು, ಅಲ್ಲಿ ಹಳೇ ಕಾಲದ ಮರದ ಸೀಟು, ನೀಲಿ ಬಣ್ಣ, ಅಗಲ ಕಮ್ಮಿ, ಕಾಲು ಚಾಚ್ಲಿಕ್ಕೆ ಜಾಗ ಇಲ್ಲ. ನಮ್ಮಂಥ ಮಂಡಿ ನೋವಿನವರು ನಡುವಿನ ಸೀಟು ಬಿಟ್ಟು ಸಾಲಿನ ಕೊನೆಯದ್ದೇ ನೋಡಿ. ಮಾಡಿಗೆ ಆಧಾರ ಅಂತ ಕಬ್ಬಿಣದ ಕಂಬಗಳು ಸೀಟಿನ ನಡುವಿನಿಂದಲೇ ಎದ್ದಿವೆ. ಕಂಬದ ಹಿಂದೆ ಸಿಕ್ಕಿದ್ರೆ ಮುಗೀತು, ಪಿಚರ್ ಕಂಡ್ರೆ ಬ್ಯಾಟ್ಸ್‌ಮನ್ ಕಾಣುದಿಲ್ಲ. ಬಲ ಬದಿಯ ಕೆಲವು ಸೆಕ್ಷನ್‌ನಲ್ಲಿ ಸೀಟಿನ ಮುಖವೇ ಬ್ಯಾಟಿಂಗ್ ಕಡೆಗೆ ಇಲ್ಲ, ಮೈದಾನದ ನಡುವಿಗೆ ಉಂಟು, ಇಡೀ ಹೊತ್ತು ಕುತ್ತಿಗೆ ತಿರುಗಿಸಿ ಕೂರ್ಬೇಕು. ನಾವು ಟಿಕೆಟ್ ತೆಗ್ದದ್ದು ಬೇರೆಯವರು ಮರುಮಾರಾಟ ಮಾಡುವ ಒಂದು ಆ್ಯಪ್‌ನಲ್ಲಿ, ಅದರಲ್ಲಿ ಕಂಬದ ಸುದ್ದಿಯೇ ಇರ್ಲಿಲ್ಲ, ನಾಲ್ಕು ಸೀಟಿನಲ್ಲಿ ಎರಡಕ್ಕೆ ಕಂಬ ಅಡ್ಡ. ಸರದಿ ಪ್ರಕಾರ ಜಾಗ ಬದಲಾಯಿಸಿ ಕೂತೆವು, ಅಳಿಯ ಅವರಿಗೆ ದೂರು ಬರೆದ, ಉತ್ತರ ಬಂದದ್ದು ಮೆಷಿನ್ ಬರೆದ ಹಾಗೆ ಇತ್ತು. ಹಾಗಾಗಿ ಸೆಕ್ಷನ್ ನಂಬರ್, ಸಾಲಿನ ನಂಬರ್ ಹಾಕಿ ಆ ಸೀಟಿನಿಂದ ಜನ ತೆಗ್ದ ಫೋಟೋ ನೆಟ್‌ನಲ್ಲಿ ಹುಡುಕಿ, ಮತ್ತೆ ದುಡ್ಡು ಕೊಡಿ. ಇವರ ಹಳೇ ಎದುರಾಳಿ, ನ್ಯೂಯಾರ್ಕಿನ ಯಾಂಕೀಸ್ ಟೀಮ್ ಬರುವ ದಿನ ರೇಟ್ ಏರ್ತದೆ, ನಮ್ಮಂಥವರಿಗೆ ವಾರದ ನಡುವಿನ ಸಾದಾ ಮ್ಯಾಚ್ ಸಾಕು.

ಕಂಬ ತೆಗೀಬಾರ್ದಾ ಅಂತ ನಾನೂ ಕೇಳಿದೆ. ಪಕ್ಕದಲ್ಲಿ ಒಬ್ರು ಅಜ್ಜಿ ಕೂತಿದ್ರು, ನನಗಿಂತ ದೊಡ್ಡವರು, ಬಹುಶಃ ಎಂಬತ್ತರ ಹತ್ರ. ತೆಗೆದ್ರೆ ಮಾಡೂ ಹೋಗ್ತದೆ, ಮಾಡು ಹೋದ್ರೆ ನಾನು ಬರುದಿಲ್ಲ ಅಂದ್ರು. ಅವರ ತೊಡೆಯ ಮೇಲೆ ಒಂದು ಸ್ಕೋರ್‌ಕಾರ್ಡ್, ಕೈಯಲ್ಲಿ ಪೆನ್ಸಿಲ್, ಒಂದೊಂದು ಬ್ಯಾಟ್ಸ್‌ಮನ್‌ಗೆ ಒಂದೊಂದು ಚೌಕ. ಸ್ಟ್ರೈಕ್‌ಔಟ್, ಅಂದ್ರೆ ಮೂರು ಅವಕಾಶ ಕಳಕೊಂಡು ಔಟ್ ಆದ್ರೆ ಕೆ ಅಕ್ಷರ, ಸುಮ್ನೆ ನೋಡ್ತಾ ನಿಂತು ಔಟ್ ಆದ್ರೆ ಆ ಕೆ ಉಲ್ಟಾ. ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತು ನಂಬರ್, ಪಿಚರ್ 1, ಕ್ಯಾಚರ್ 2 ಹೀಗೆ. 6-4-3 ಅಂತ ಬರೆದ್ರೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ನ ನಡುವೆ ನಿಲ್ಲುವವ, ಬೇಸ್ ಅಂದ್ರೆ ಓಡಿ ಮುಟ್ಟುವ ಜಾಗ) ಬಾಲ್ ಹಿಡಿದು ಸೆಕೆಂಡ್ ಬೇಸ್‌ಗೆ ಕೊಟ್ಟ, ಅವ ಫಸ್ಟ್ ಬೇಸ್‌ಗೆ ಎಸೆದ, ಇಬ್ಬರು ಔಟ್. ಇಡೀ ಮ್ಯಾಚ್ ಒಂದು ಹಾಳೆಯಲ್ಲಿ ಮುಗೀತದೆ. ಕಂಬ ಅಡ್ಡ ಬಂದಾಗ ಅವರು ರೇಡಿಯೋ ಕೇಳಿ ಬರೀತಿದ್ರು, ಕಿವಿಗೆ ಒಂದು ವಯರ್ ಸಿಕ್ಕಿಸಿಕೊಂಡಿದ್ರು. ನೀವು ಎಲ್ಲಿಯವರು ಅಂತ ಕೇಳಿದ್ರು, ನಾನು ಕ್ರಿಕೆಟ್ ನೋಡುವವರು ಅಂದೆ, ನಮ್ಮ ಕುಂಬಳೆಯ ಹೆಸರು ಇಟ್ಟುಕೊಂಡ ಅನಿಲ್ ಕುಂಬ್ಳೆ 1999ರಲ್ಲಿ ದಿಲ್ಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ಒಬ್ಬನೇ ತೆಗ್ದದ್ದನ್ನು ಹೇಳ್ದೆ. ಅದಕ್ಕೆ ಅವರು, ನಮ್ಮಲ್ಲಿ ಒಬ್ಬ ಪಿಚರ್ 27 ಜನರನ್ನು ಸಾಲಾಗಿ, ಒಬ್ಬನನ್ನೂ ಬೇಸ್ ಮುಟ್ಲಿಕ್ಕೆ ಬಿಡದೆ ಔಟ್ ಮಾಡ್ಬೇಕು, ಆಗ ಪರ್ಫೆಕ್ಟ್ ಗೇಮ್ ಅಂತಾರೆ ಅಂದ್ರು. ಇಬ್ಬರೂ ಸೋಲ್ಲಿಕ್ಕೆ ತಯಾರಿಲ್ಲ.

ಕ್ರಿಕೆಟ್‌ನವರಿಗೆ ಇನ್ನೊಂದು ವಿಚಿತ್ರ, ಬಾಲ್ ಜನರ ನಡುವೆ ಬಂದ್ರೆ ವಾಪಸ್ ಕೊಡ್ಲಿಕ್ಕಿಲ್ಲ. ಹಿಡಿದವನಿಗೇ. ಕೈಯಲ್ಲಿ ಗ್ಲೌಸ್ ಹಾಕಿಕೊಂಡೇ ಬರ್ತಾರೆ ಮಕ್ಕಳೂ ದೊಡ್ಡವರೂ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಗಟ್ಟಿ ಆಳು ಬಿಯರ್ ಚೆಲ್ಲಿ, ಹಾರಿ, ಹಿಡಿದು, ಕೂಡ್ಲೇ ಪಕ್ಕದ ಯಾರದ್ದೋ ಸಣ್ಣ ಹುಡುಗಿಗೆ ಕೊಟ್ಟ. ಮೊಮ್ಮಗ ಆಮೇಲೆ ಇಡೀ ಹೊತ್ತು ಆಕಾಶ ನೋಡ್ತಾ ಕೂತ, ಆಟ ನೋಡ್ಲೇ ಇಲ್ಲ.

ಬಲ ಬದಿಯ ಮೇಲಿನ ಸೀಟುಗಳೆಲ್ಲ ಹಸಿರು, ಅದರ ನಡುವೆ ಒಂದೇ ಒಂದು ಕೆಂಪು ಸೀಟು ಕಾಣ್ತದೆ. ಸೆಕ್ಷನ್ 42, ಸಾಲು 37, ಸೀಟು 21. 1946ರ ಜೂನ್ 9ಕ್ಕೆ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಹೊಡೆದ ಬಾಲ್ ಅಲ್ಲಿ ಕೂತವರ ಹುಲ್ಲಿನ ಟೋಪಿಯನ್ನು ತೂತು ಮಾಡಿತ್ತು. 502 ಅಡಿ, ಅಂದ್ರೆ 153 ಮೀಟರ್. ಐಪಿಎಲ್‌ನಲ್ಲಿ 100 ಮೀಟರ್ ಹೊಡೆದ್ರೆ ಎರಡು ದಿನ ರಿಪ್ಲೇ ಹಾಕ್ತಾರೆ ನಮ್ಮವರು.

ಹಗಲು ಟೂರ್ ಕೂಡ ಉಂಟು, ಸುಮಾರು ಒಂದು ಗಂಟೆ. ಆಟ ಬೇಡ, ಜಾಗ ಮಾತ್ರ ನೋಡ್ಬೇಕು ಅನ್ನುವವರಿಗೆ ಅದೇ ಒಳ್ಳೇದು, ರೇಟೂ ಕಮ್ಮಿ. ಜಾಗದ ಕತೆಯಲ್ಲಿ ಬರೀ ಒಳ್ಳೇದೇ ಇಲ್ಲ, ಅದೂ ತಿಳ್ಕೊಂಡು ಹೋಗಿ. ಆಮೇಲೆ ಈ ಕಾಲದ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಅಂತ ಹೆಸರಾದ ಜಾಕಿ ರಾಬಿನ್‌ಸನ್ 1945ರಲ್ಲಿ ಇದೇ ಮೈದಾನಕ್ಕೆ ಟ್ರಯಲ್ಸ್‌ಗೆ ಬಂದಿದ್ರು, ರೆಡ್ ಸಾಕ್ಸ್ ತೆಕ್ಕೊಳ್ಳಲಿಲ್ಲ. ಕಪ್ಪು ಆಟಗಾರನನ್ನು ಆಡಿಸಿದ ಟೀಮ್‌ಗಳಲ್ಲಿ ಇದೇ ಕಡೇದು, 1959ರಲ್ಲಿ ಪಂಪ್ಸಿ ಗ್ರೀನ್ ಬಂದ ಮೇಲೆ. ಇದೇ ಕಾರಣಕ್ಕೆ, ಆಗಿನ ಯಜಮಾನ ಯಾಕಿಯವರ ಹೆಸರಿನಲ್ಲಿದ್ದ ಯಾಕಿ ವೇ ರಸ್ತೆಗೆ 2018ರಲ್ಲಿ ಹಳೇ ಹೆಸರು ಜೆರ್ಸಿ ಸ್ಟ್ರೀಟ್ ಅಂತಲೇ ವಾಪಸ್ ಇಟ್ರು. ಹೆಸರು ಬದಲಾಯಿಸುದು ಅಂದ್ರೆ ನಮಗೆ ಕಾಸರಗೋಡಿನವರಿಗೆ ಮೈ ಉರೀತದೆ, ಆದ್ರೆ ಇದಕ್ಕೆ ನನ್ನ ತಕರಾರಿಲ್ಲ. ಮೋರ್ಸ್ ಕೋಡ್ ಮಾತ್ರ ಗೋಡೆಯಲ್ಲಿ ಹಾಗೇ ಉಳಿದಿದೆ, ರಾಬಿನ್‌ಸನ್‌ರ 42 ನಂಬರ್ ಬಲ ಬದಿಯ ಮಾಡಿನ ಅಂಚಿನಲ್ಲಿ. ಎರಡೂ ಒಂದೇ ಸೀಟಿನಿಂದ ಕಾಣ್ತದೆ.

ಜನ ಹೇಗೆ ಅಂತ ಕೇಳಿದ್ರೆ, ಒಳ್ಳೆಯವರು, ಬಾಯಿ ಸ್ವಲ್ಪ ಜೋರು. 1918ರಲ್ಲಿ ಕಪ್ ಗೆದ್ದದ್ದು, ಆಮೇಲೆ ದೊಡ್ಡ ಆಟಗಾರ ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ್ರು, ಮತ್ತೆ ಗೆಲ್ಲಲಿಕ್ಕೆ 2004 ಆಯ್ತು, 86 ವರ್ಷ. ಶಾಪ ಅಂತಲೇ ಹೇಳ್ತಾರೆ ಅದಕ್ಕೆ. ಅಜ್ಜಿ ಹೇಳಿದ್ರು, ಅವರ ತಂದೆ ಅದನ್ನು ನೋಡದೇ ಹೋದ್ರಂತೆ, 2004ರಲ್ಲಿ ಸಮಾಧಿಗೆ ಟೋಪಿ ಇಟ್ಟು ಬಂದ್ರಂತೆ. 2013ರಲ್ಲಿ ಇದೇ ಮೈದಾನದಲ್ಲೇ ಫೈನಲ್ ಗೆದ್ರು. ಎಂಟನೇ ಇನಿಂಗ್ಸ್ ಮಧ್ಯೆ ಇಡೀ ಸ್ಟೇಡಿಯಂ ಎದ್ದು ಒಂದು ಹಳೇ ಹಾಡು ಹಾಡ್ತದೆ, ಸೋಲ್ತಾ ಇದ್ರೂ ಹಾಡ್ತದೆ. ನಮ್ಮವಳು ಅದಕ್ಕೆ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು.

ತಿನ್ನುವ ವಿಷಯ ಬೇಗ ಮುಗಿಸ್ತೇನೆ. ಅಲ್ಲಿ ಫೇಮಸ್ ಅಂದ್ರೆ ಫೆನ್‌ವೇ ಫ್ರ್ಯಾಂಕ್ ಅಂತ ಹಾಟ್ ಡಾಗ್, ಮಾಂಸದ್ದು. ಸಸ್ಯಾಹಾರಿಗಳಿಗೆ ನೆಲಗಡಲೆ, ಪಾಪ್‌ಕಾರ್ನ್, ಫ್ರೈಸ್, ಇಷ್ಟೇ ಅಂದ್ಕೊಂಡು ಹೋಗಿ. ರೇಟ್ ರೂಪಾಯಿಗೆ ಲೆಕ್ಕ ಹಾಕ್ಬೇಡಿ, ಗಂಟಲಲ್ಲಿ ಇಳಿಯುದಿಲ್ಲ. ಮನೆಯಲ್ಲಿ ಊಟ ಮಾಡಿ ಹೊರಟ್ರೆ ಬೆಸ್ಟ್.

ಚಿಕಾಗೋದಲ್ಲಿರುವ ತಮ್ಮನ ಮಗ ರಿಗ್ಲಿ ಫೀಲ್ಡ್ ಇದಕ್ಕಿಂತ ಚಂದ ಅಂತ ಜಗಳ ಮಾಡ್ತಾನೆ. ಅದು 1914ರದ್ದು, ಗೋಡೆಯ ಮೇಲೆ ಬಳ್ಳಿ ಹಬ್ಬಿಸಿದ್ದಾರೆ, 1988ರವರೆಗೆ ಅಲ್ಲಿ ಲೈಟೇ ಇರ್ಲಿಲ್ಲ, ಪೂರಾ ಹಗಲಿನ ಮ್ಯಾಚ್. ಫೋಟೋದಲ್ಲಿ ಬಳ್ಳಿ ಚಂದವೇ ಕಾಣ್ತದೆ, ಸ್ಕೋರ್‌ಬೋರ್ಡ್ ಅಲ್ಲೂ ಕೈಯಲ್ಲೇ ನಡೀತದೆ, ಆದ್ರೆ ಅದು ಮೇಲೆ ಎತ್ತರದಲ್ಲಿ, ಇಲ್ಲಿಯ ಹಾಗೆ ಮೈದಾನದ ಗೋಡೆಯೊಳಗೆ ಅಲ್ಲ. ನನ್ನ ಓಟು ಬೋಸ್ಟನ್‌ಗೆ.

ಹೋಗುವವರಿಗೆ ಕಡೇದಾಗಿ: ಏಪ್ರಿಲ್, ಮೇಯಲ್ಲಿ ಸಂಜೆ ಮೇಲೆ ಚಳಿ ಹೊಡೀತದೆ, ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ದೊಡ್ಡ ಬ್ಯಾಗ್ ಒಳಗೆ ಬಿಡುದಿಲ್ಲ. ಟಿಕೆಟ್ ಫೋನ್‌ನಲ್ಲೇ ಇರ್ತದೆ, ಚಾರ್ಜ್ ನೋಡ್ಕೊಳ್ಳಿ. ಕಾರು ತೆಕ್ಕೊಂಡು ಹೋಗ್ಬೇಡಿ, ಪಾರ್ಕಿಂಗ್ ಕೇಳಿದ್ರೆ ತಲೆ ತಿರುಗ್ತದೆ. ಮ್ಯಾಚ್ ಮುಗಿದ ಮೇಲೆ ಕೆನ್‌ಮೋರ್‌ನಲ್ಲಿ ಟ್ರೈನ್‌ಗೆ ನೂಕುನುಗ್ಗಲು ಜೋರು, ಮಂಡಿ ನೋವಿದ್ರೆ ಅರ್ಧ ಗಂಟೆ ಸೀಟಿನಲ್ಲೇ ಕೂತು ಹೊರಡಿ. ಅಜ್ಜಿಯವರು ಹಾಗೇ ಮಾಡುದಂತೆ, ಲೆಕ್ಕ ಕೂಡಿಸಿ ಪೆನ್ಸಿಲ್ ಚೀಲಕ್ಕೆ ಹಾಕುವಷ್ಟರಲ್ಲಿ ಮೆಟ್ಟಿಲು ಖಾಲಿ ಆಗ್ತದೆ ಅಂದ್ರು.