ಜಾತಕ ನೋಡದೆ ತಂದ ಎರಡು ಟಯರು: ಎರಡೂವರೆ ವರ್ಷದ ನಂತರ

ಟಯರು ಒಳ್ಳೆಯದೇ, ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಿರುವುದು ಅದರ ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳ ಮೇಲೆ. ಎರಡೂವರೆ ವರ್ಷವಾಗುತ್ತಾ ಬಂದರೂ ಆ ಸಿಟ್ಟು ಪೂರ್ತಿ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರೂ ಅಂಗಡಿಯ ಹೆಸರೂ ಹೇಳುವುದಿಲ್ಲ. ನನಗಾದದ್ದು ಯಾವ ಕಂಪನಿಯ ಟಯರಿನಲ್ಲೂ ಯಾವ ಊರಿನ ಅಂಗಡಿಯಲ್ಲೂ ಆಗಬಹುದು.

ಗಾಡಿ 2014ರ ಸ್ವಿಫ್ಟ್, ಪೆಟ್ರೋಲು. ಟಯರಿನ ಸೈಜು 165/80 ಆರ್14. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಪಾಠ ಮಾಡುವ ಶಾಲೆ ಉಪ್ಪಳದ ಕಡೆ. ಸೀತಾಂಗೋಳಿಯ ತಿರುವುಗಳನ್ನು ಇಳಿದು ಕುಂಬಳೆಯಲ್ಲಿ ಹೆದ್ದಾರಿ ಹತ್ತಿದರೆ ಹೋಗಿ ಬರುವುದಕ್ಕೆ ದಿನಕ್ಕೆ ಐವತ್ತು ಕಿಲೋಮೀಟರಿನ ಹತ್ತಿರ. ಎಪ್ಪತ್ತು ದಾಟಿಸುವ ಜನ ನಾನಲ್ಲ. ನೂರಿಪ್ಪತ್ತರಲ್ಲಿ ಹೋಗುವವರು ಈ ವಿಮರ್ಶೆ ನೋಡಿ ಟಯರು ಕೊಳ್ಳಬೇಡಿ.

ಆದದ್ದು 2023ರ ಜೂನಿನಲ್ಲಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಷಟ್ಪಥ ಮಾಡುವ ಕೆಲಸ ಭರದಿಂದ ನಡೆಯುತ್ತಿದ್ದ ಕಾಲ. ಇವತ್ತು ಹೋದ ದಾರಿ ನಾಳೆ ಇರುವುದಿಲ್ಲ. ಬೆಳಿಗ್ಗೆ ಎಡಗಡೆ ಬಿಟ್ಟವರು ಸಂಜೆಗೆ ಬಲಗಡೆ ಬಿಡುತ್ತಿದ್ದರು. ಬಂದ್ಯೋಡಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಮೊಳಕಾಲುದ್ದ ಕೆಂಪು ನೀರು. ಎದುರಿಂದ ಬಂದ ಬಸ್ಸಿಗೆ ದಾರಿ ಕೊಡಲು ಎಡಕ್ಕೆ ಒತ್ತಿದೆ. ಚರಂಡಿಯ ಕಾಂಕ್ರೀಟಿನ ಅಂಚು ನೀರಿನಡಿಯಲ್ಲಿತ್ತು. 'ಟಪ್' ಎಂದು ಸದ್ದು, ಆಮೇಲೆ ಸ್ಟೇರಿಂಗು ಎಡಕ್ಕೆ ಎಳೆಯತೊಡಗಿತು.

ಮಳೆಯಲ್ಲಿ ಸ್ಟೆಪ್ನಿ ಹಾಕಿದ ಕಥೆ ಎಲ್ಲರದ್ದೂ ಒಂದೇ, ಬಿಟ್ಟುಬಿಡುತ್ತೇನೆ. ಸ್ಟೆಪ್ನಿ ಅಂದ ಕೂಡಲೇ ನೆನಪಾಗುವುದು ಒಂದುಂಟು. ಇದು ಒಂದು ಬೀದಿಯ ಹೆಸರು. ವೇಲ್ಸಿನ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರ ಹೊತ್ತಿಗೆ ಇಬ್ಬರು ಸಹೋದರರು ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ನಮ್ಮಲ್ಲಿ ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಬೈದರೂ ಸ್ಟೆಪ್ನಿ ಮಾತ್ರ ಸ್ಟೆಪ್ನಿಯೇ.

ಪಂಚರಂಗಡಿಯ ಇಚ್ಚ ಟಯರನ್ನು ನೀರಿನ ತೊಟ್ಟಿಗೆ ಹಾಕಲೂ ಇಲ್ಲ. ಹೆಬ್ಬೆರಳಿನಿಂದ ಹರಿದ ಜಾಗವನ್ನು ಅಗಲಿಸಿ ತೋರಿಸಿದರು. ಒಳಗೆ ಬಿಳಿ ನೂಲು ಎದ್ದು ನಿಂತಿತ್ತು, ಹಳೇ ಗೋಣಿ ಹರಿದಾಗ ಕಾಣುವ ಹಾಗೆ.

"ಮಾಷ್ಟ್ರೇ, ಕಾಲಿನಡಿಗೆ ಮುಳ್ಳು ಹೊಕ್ಕರೆ ತೆಗೆದು ಮುಚ್ಚಬಹುದು. ಇದು ಪಕ್ಕೆ. ಇದಕ್ಕೆ ನಾನು ಪ್ಯಾಚ್ ಹಾಕಿ ಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ."

ಅವರು ಹೇಳಿದ್ದು ಅಪ್ಪಟ ಸತ್ಯ. ರಸ್ತೆಗೆ ತಾಗುವ ಭಾಗದಡಿಯಲ್ಲಿ ಉಕ್ಕಿನ ಪಟ್ಟಿ ಇರುತ್ತದೆ, ಅಲ್ಲಿ ಆರು ಮಿಲಿಮೀಟರಿನವರೆಗಿನ ತೂತನ್ನು ಮುಚ್ಚಬಹುದು. ಪಕ್ಕೆಯಲ್ಲಿರುವುದು ರಬ್ಬರು ಮತ್ತು ನೂಲು. ಚಕ್ರದ ಪ್ರತಿ ಸುತ್ತಿಗೂ ಅದು ಬಾಗಿ ಏಳುತ್ತದೆ, ತೇಪೆ ನಿಲ್ಲುವುದಿಲ್ಲ. ಹರಿಯದೆ ಬರೀ ಒಂದು ಕಡೆ ಬಾತುಕೊಂಡಿದ್ದರೂ ಕಥೆ ಇಷ್ಟೇ. ಒಳಗಿನ ನೂಲು ಕಡಿದು ಗಾಳಿ ಅಲ್ಲಿ ಬಂದು ಕೂತಿರುತ್ತದೆ.

ಸ್ಟೆಪ್ನಿಯನ್ನು ನೋಡಿ ಇಚ್ಚ ಇನ್ನೊಂದು ಸಲ ಬೈದರು. ಗಾಡಿಯ ಜೊತೆ ಬಂದದ್ದು ಅದು, ಒಂಬತ್ತು ವರ್ಷ ಡಿಕ್ಕಿಯಲ್ಲೇ ಮಲಗಿತ್ತು. ಗೆರೆಗಳ ಆಳ ಹೊಸದರಂತೆ, ಆದರೆ ಪಕ್ಕೆಯ ತುಂಬ ಬಿಸಿಲಿಗೆ ಒಣಗಿದ ಗದ್ದೆಯ ಬಿರುಕು. "ಇದರಲ್ಲಿ ಟಯರಂಗಡಿಯವರೆಗೆ ಹೋಗಿ, ಮನೆಗೆ ಹೋಗಬೇಡಿ" ಎಂದರು. ನಾಲ್ಕು ಅಂಕೆಯ ಪಾಠವನ್ನು ಅವತ್ತೇ ಮಾಡಿದರು. ಪಕ್ಕೆಯಲ್ಲಿ ಡಿ.ಒ.ಟಿ. ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಸ್ಟೆಪ್ನಿಯದ್ದು 2214, ಅಂದರೆ 2014ರ ಇಪ್ಪತ್ತೆರಡನೇ ವಾರ. "ಟಯರಿಗೂ ಜಾತಕ ಉಂಟು ಮಾಷ್ಟ್ರೇ, ನೋಡಿ ತಕ್ಕೊಳ್ಳಿ."

ನೋಡಿ ತಕ್ಕೊಂಡೆನಾ? ಇಲ್ಲ.

ಟಯರಂಗಡಿಗೆ ಮುಟ್ಟುವಾಗ ಹನ್ನೊಂದೂವರೆ. ಅರ್ಧ ದಿನದ ರಜೆ ಹಾಕಿಯಾಗಿತ್ತು. ಮಧ್ಯಾಹ್ನದ ಬೆಲ್ಲಿನ ಮೊದಲು ಶಾಲೆಗೆ ಮುಟ್ಟಬೇಕು. ಮಂಗಳೂರಿನಲ್ಲಿ ಟಯರಿಗೆ ಇನ್ನೂರು ಕಡಿಮೆ ಎಂದು ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು. ಪೆಟ್ರೋಲು, ತಲಪಾಡಿಯ ಟೋಲು, ಒಂದು ಊಟ ಕೂಡಿಸಿದರೆ ಆ ಇನ್ನೂರು ಎಲ್ಲಿ ಉಳಿಯಿತು? ಅಂಗಡಿಯವರು ಮೂರು ಕಂಪನಿ ಹೇಳಿದರು. 'ಜಾಸ್ತಿ ಬಾಳಿಕೆ' ಎಂದದ್ದನ್ನು ಆರಿಸಿದೆ, ಒಂದಕ್ಕೆ 4,650 ರೂಪಾಯಿ. ಅಪ್ಪ ಇದ್ದಿದ್ದರೆ ವಿಕ್ರಾಂತ್ ಕೇಳುತ್ತಿದ್ದರು. ಅವರ ಜೀಪಿಗೆ ಮೈಸೂರಿನ ವಿಕ್ರಾಂತ್ ಅಲ್ಲದೆ ಬೇರೆ ಟಯರು ಆಗುತ್ತಿರಲಿಲ್ಲ. 1997ರಲ್ಲಿ ಅದು ಜೆ.ಕೆ.ಯವರ ಪಾಲಾದ ಮೇಲೂ ಕೆಲವು ವರ್ಷ ಅದೇ ಹೆಸರನ್ನೇ ಕೇಳುತ್ತಿದ್ದರು.

ಹರಿದದ್ದು ಒಂದು, ಕೊಂಡದ್ದು ಎರಡು. ಒಂದೇ ಆಕ್ಸಲಿನಲ್ಲಿ, ಅಂದರೆ ಎಡಬಲದ ಜೋಡಿಯಲ್ಲಿ, ಒಂದು ಹೊಸತು ಒಂದು ಸವೆದದ್ದು ಇರಬಾರದು. ತಿಂಗಳ ಕೊನೆ, ನಾಲ್ಕು ಕೊಳ್ಳುವಷ್ಟು ಹಣ ಇರಲಿಲ್ಲ. ಹುಡುಗ ಹೊಸತನ್ನು ಮುಂದೆ ಹಾಕಲು ಹೊರಟ. ಹಿಂದೆ ಹಾಕು ಎಂದೆ. ಎಂಜಿನ್ ಎಳೆಯುವುದು ಮುಂದಿನ ಚಕ್ರವಲ್ಲವಾ ಎಂದು ಅವನ ವಾದ. ಇದರಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಮಳೆಯಲ್ಲಿ ಮುಂದಿನದು ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರು ಬಿಟ್ಟರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ, ನಮ್ಮಂಥವರು ಸರಿಮಾಡಲು ಸಾಧ್ಯವಿಲ್ಲ. ಟಯರು ಕಂಪನಿಗಳೂ ಇದನ್ನೇ ಹೇಳುತ್ತವೆ. ಹುಡುಗ ಟಯರಿನ ಹಳದಿ ಚುಕ್ಕೆಯನ್ನು ವಾಲ್ವಿಗೆ ನೇರವಾಗಿ ಕೂರಿಸಿದ್ದನ್ನು ಕಂಡು ಖುಷಿಯಾಯಿತು. ಟಯರಿನ ಹಗುರ ಭಾಗದ ಗುರುತು ಅದು, ತಿಳಿದವರೇ ಹಾಗೆ ಹಾಕುವುದು. ಆ ಖುಷಿಯಲ್ಲೇ ಪಕ್ಕದ ಹೋಟೆಲಿಗೆ ಚಹಾ ಕುಡಿಯಲು ಹೋದೆ. ಜಾತಕ ಅಲ್ಲಿಗೆ ಮರೆತುಹೋಯಿತು.

ನೈಟ್ರೋಜನ್ ಹಾಕುವಾ ಎಂದು ಕೇಳಿದರು. ಗಾಳಿಯಲ್ಲಿ ಶೇಕಡ 78 ನೈಟ್ರೋಜನ್ ಮೊದಲೇ ಉಂಟು ಎಂದು ಎಂಟನೇ ಕ್ಲಾಸಿಗೆ ಪಾಠ ಮಾಡುವವನು ನಾನು. ಸಾದಾ ಗಾಳಿಯೇ ಸಾಕು ಎಂದೆ.

ಈಗ ಒಂದು ಅಭ್ಯಾಸದ ವಿಷಯ. ಭಾನುವಾರ ಬೆಳಿಗ್ಗೆ ಕಾಪಿಯಾದ ಮೇಲೆ ಅಂಗಳದಲ್ಲಿ ಕೂತು ಟಯರಿನ ಗೆರೆಗಳಿಂದ ಕಲ್ಲು ಹೆಕ್ಕುತ್ತೇನೆ. ಹಿಡಿ ಸವೆದ ಒಂದು ಹಳೇ ಸ್ಕ್ರೂಡ್ರೈವರು ಇದಕ್ಕೆಂದೇ ಉಂಟು. ಅಮ್ಮ ಮೊರದಲ್ಲಿ ಅಕ್ಕಿ ಹಾಕಿ ಕಲ್ಲು ಹೆಕ್ಕುತ್ತಿದ್ದ ಹಾಗೆ, ಅವಸರ ಮಾಡಬಾರದು. ಜಲ್ಲಿಯ ಚೂರಾದರೆ 'ಟಕ್' ಎಂದು ಹಾರಿ ಬೀಳುತ್ತದೆ. ಮುರಕಲ್ಲಾದರೆ ಪುಡಿಯಾಗಿ ಗೆರೆಯಲ್ಲೇ ಅಂಟಿಕೊಳ್ಳುತ್ತದೆ, ಅದಕ್ಕೆ ಹಲ್ಲುಜ್ಜುವ ಹಳೇ ಬ್ರಶ್ಶು. ಹೆದ್ದಾರಿಯ ಕೆಲಸ ಜೋರಿದ್ದ ವರ್ಷ ಒಂದೊಂದು ಟಯರಿನಿಂದ ಇಪ್ಪತ್ತು ಇಪ್ಪತ್ತೈದು ಕಲ್ಲು ಸಿಗುತ್ತಿತ್ತು. ಮಗಳು ಅದನ್ನು ತೆಂಗಿನ ಗೆರಟೆಯಲ್ಲಿ ಕೂಡಿಡುತ್ತಿದ್ದಳು. ತಣ್ಣಗಿರುವಾಗಲೇ ಗಾಳಿಯನ್ನೂ ನೋಡುತ್ತೇನೆ. ಹತ್ತು ಕಿಲೋಮೀಟರು ಓಡಿಸಿ ಬಂಕಿನಲ್ಲಿ ನೋಡಿದರೆ ಬಿಸಿಗೆ ಎರಡು ಮೂರು ಪಾಯಿಂಟು ಜಾಸ್ತಿಯೇ ತೋರಿಸುತ್ತದೆ.

ಹಾಗೆ ಹೆಕ್ಕುತ್ತಿದ್ದ ಮೊದಲ ಭಾನುವಾರವೇ ನೆನಪಾದದ್ದು ಜಾತಕ. ಡಿ.ಒ.ಟಿ. ಸಾಲು ಸಿಕ್ಕಿತು, ಕೊನೆಗೆ ಅಂಕೆಗಳಿಲ್ಲ. ಇನ್ನೊಂದು ಟಯರಿನಲ್ಲೂ ಇಲ್ಲ. ಆಮೇಲೆ ತಿಳಿಯಿತು, ಎಷ್ಟೋ ಟಯರುಗಳಲ್ಲಿ ತಾರೀಕು ಇರುವುದು ಒಂದೇ ಪಕ್ಕೆಯಲ್ಲಿ. ಈ ಟಯರಿಗೆ ಒಳಗೆ ಹೊರಗೆ ಎಂಬ ಭೇದವಿಲ್ಲ, ಹೇಗೂ ಹಾಕಬಹುದು. ಎರಡನ್ನೂ ತಾರೀಕು ಒಳಗೆ ಬರುವ ಹಾಗೆ ಕೂರಿಸಿದ್ದರು. ಅಡಿಕೆ ಒಣಗಿಸುವ ಹಳೇ ಟಾರ್ಪಾಲು ಹಾಸಿ, ಮೊಬೈಲಿನ ಟಾರ್ಚು ಹಿಡಿದು ಗಾಡಿಯಡಿಗೆ ನುಗ್ಗಿದೆ.

"ಎಂತ ನೋಡ್ತಾ ಇದ್ದೀರಿ ಅಲ್ಲಿ ಅಡಿಯಲ್ಲಿ?" ಹೆಂಡತಿಯ ಸ್ವರ.

"ಹುಟ್ಟಿದ ದಿನ."

3820. ಎರಡರದ್ದೂ ಅದೇ. 2020ರ ಸೆಪ್ಟೆಂಬರಿನಲ್ಲಿ ಹುಟ್ಟಿದ್ದನ್ನು 2023ರ ಜೂನಿನಲ್ಲಿ ಹೊಸತೆಂದು ಕೊಟ್ಟಿದ್ದರು. ಎರಡು ವರ್ಷ ಒಂಬತ್ತು ತಿಂಗಳು.

ಮರುದಿನವೇ ಹೋದೆ. ಧಣಿಗಳು ನಗುತ್ತಲೇ ಹೇಳಿದರು, "ಇದೆಂತ ಹಾಲಿನ ಪ್ಯಾಕೆಟಾ ಮಾಷ್ಟ್ರೇ, ಟಯರಿಗೆ ಎಕ್ಸ್‌ಪೈರಿ ಉಂಟಾ?" ಬಿಲ್ಲಿನಲ್ಲಿ ಕಂಪನಿ ಮತ್ತು ಸೈಜು ಮಾತ್ರ. ಯಾವ ಟಯರು ಕೊಟ್ಟದ್ದು ಎನ್ನುವುದಕ್ಕೆ ನನ್ನ ಕೈಯಲ್ಲಿ ಸಾಕ್ಷಿಯೇ ಇಲ್ಲ. ಬಿಸಿಲು ತಾಗದ ಗೋದಾಮಿನಲ್ಲಿದ್ದರೆ ಎರಡು ಮೂರು ವರ್ಷಕ್ಕೆ ಟಯರು ಕೆಡುವುದಿಲ್ಲ ಎನ್ನುವುದು ನಿಜ, ಅದನ್ನು ಒಪ್ಪುತ್ತೇನೆ. ಆದರೆ ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ತುಂಬಿದರೆ ಹೇಗಿದ್ದರೂ ತೆಗೆಯಿರಿ ಎಂದು ಹೇಳುವ ಕಂಪನಿಗಳೇ ಉಂಟು. ಆ ಲೆಕ್ಕದಲ್ಲಿ ನನ್ನ ಟಯರಿನ ಆಯುಸ್ಸಿನಲ್ಲಿ ಮೂರು ವರ್ಷದ ಹತ್ತಿರ ಅವರ ಗೋದಾಮಿನಲ್ಲೇ ಮುಗಿದಿತ್ತು. ಹಣವೇನೂ ಬಿಡಲಿಲ್ಲವಲ್ಲ! ಹಳೇ ಸ್ಟಾಕು ಎಂದು ಹೇಳಿ ಐನೂರು ಇಳಿಸಿದ್ದರೆ ನಾನೇ ಸಂತೋಷದಿಂದ ತಕ್ಕೊಳ್ಳುತ್ತಿದ್ದೆ. ಕೊನೆಗೆ ಪುಕ್ಕಟೆ ಅಲೈನ್‌ಮೆಂಟಿಗೆ ರಾಜಿಯಾದೆ. ಚರಂಡಿಯ ಹೊಡೆತಕ್ಕೆ ಅದು ಹೇಗೂ ಬೇಕಿತ್ತು.

ಇನ್ನು ಟಯರು. ಎರಡೂವರೆ ವರ್ಷದ ಹತ್ತಿರ, 31,000 ಕಿಲೋಮೀಟರು, ಮೂರು ಮಳೆಗಾಲ. ಪಂಚರು ಎರಡೇ ಸಲ, ಎರಡೂ ತಂತಿಯ ಮೊಳೆ. ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಲ್ಲಿ ಅಳೆದರೆ ಎಂಟು ಮಿಲಿಮೀಟರಿದ್ದ ಗೆರೆಯ ಆಳ ಈಗ ನಾಲ್ಕೂವರೆ. 1.6ಕ್ಕೆ ಬಂದಾಗ ತೆಗೆಯಬೇಕು, ಗೆರೆಯ ನಡುವಿನ ಸಣ್ಣ ದಿಣ್ಣೆಗಳು ಅದಕ್ಕೇ ಇರುವುದು. ಅಂದರೆ ಇನ್ನೂ ಎರಡು ವರ್ಷ ಆರಾಮ, ಹಿಂದಿನ ಚಕ್ರವಾದ್ದರಿಂದ ಸವಕಳಿಯೂ ಕಮ್ಮಿ. ಸೀತಾಂಗೋಳಿಯ ಇಳಿಜಾರಿನಲ್ಲಿ ಜಡಿಮಳೆಗೆ ನಾಯಿಯೊಂದು ಅಡ್ಡ ಬಂದಾಗ ಬ್ರೇಕು ಒತ್ತಿದೆ, ಹಿಂಬದಿ ಒಂದಿಷ್ಟೂ ಅಲುಗಲಿಲ್ಲ. ಅವತ್ತಿನಿಂದ ಸಿಟ್ಟು ಅರ್ಧಕ್ಕೆ ಇಳಿದದ್ದು. ದೂರು ಎರಡು. ಗಟ್ಟಿ ರಬ್ಬರು, ಹಿಂದೆ ಕೂತವರಿಗೆ ಪ್ರತಿ ಗುಂಡಿಯೂ ಗೊತ್ತಾಗುತ್ತದೆ. ಅರವತ್ತು ದಾಟಿದರೆ ಹೊಸ ಹೆದ್ದಾರಿಯ ನುಣುಪು ಡಾಂಬರಿನಲ್ಲಿ 'ಗುಂಯ್' ಎಂಬ ಸದ್ದು. ರೇಡಿಯೋ ಎರಡು ಗೆರೆ ಜಾಸ್ತಿ ಮಾಡಿದರೆ ಮುಗಿಯಿತು.

ಮುಂಚೆ ಮುಂದಿದ್ದ ಬಲಗಡೆಯ ಟಯರು ಈಗ ಸ್ಟೆಪ್ನಿ. ರಸ್ತೆಯನ್ನೇ ಸರಿಯಾಗಿ ಕಾಣದೆ ಮುದುಕನಾದ 2214 ಹಲಸಿನ ಮರದಲ್ಲಿ ಮಗಳ ಉಯ್ಯಾಲೆ. ಮೊದಲ ಮಳೆಗೇ ಅದರಲ್ಲಿ ನೀರು ನಿಂತು ಸೊಳ್ಳೆ ಮರಿಯಾಗಿ, ಆಶಾ ಕಾರ್ಯಕರ್ತೆಯಿಂದ ಬೈಸಿಕೊಂಡು ಅಡಿಗೆ ನಾಲ್ಕು ತೂತು ಕೊರೆಸಿದೆ.

ಮೊನ್ನೆ ಅಕ್ಟೋಬರಿನಲ್ಲಿ ಮುಂದಿನ ಎರಡೂ ಸವೆದವು. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿದಿದೆಯಲ್ಲ, ಅದನ್ನೇ ಕಾದು ಕೂತಿದ್ದೆ. ಹೋದದ್ದು ಅದೇ ಅಂಗಡಿಗೆ. ನಾಚಿಕೆಯಿಲ್ಲವಾ ಎಂದು ಹೆಂಡತಿ ಕೇಳಿದಳು. ಬೇರೆ ಕಡೆಗಿಂತ ಮುನ್ನೂರು ಕಡಿಮೆ, ಮತ್ತೆ ಆ ಹಳದಿ ಚುಕ್ಕೆಯ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಧಣಿಗಳಿಗೆ ನನ್ನ ಗುರುತು ಮರೆತಿರಲಿಲ್ಲ. "ಗಾಡಿಯಡಿಗೆ ಮಲಗಿ ನೋಡುವ ಮಾಷ್ಟ್ರು ಬಂದ್ರು" ಎಂದು ಒಳಗೆ ಕೂಗಿ, ಎರಡು ಟಯರು ಉರುಳಿಸಿಕೊಂಡು ಬಂದು, ಅಂಕೆಗಳ ಸುತ್ತ ಸೀಮೆಸುಣ್ಣದಿಂದ ತಾವೇ ವೃತ್ತ ಎಳೆದರು. 2925, 3025. "ನೋಡಿ. ಆಮೇಲೆ ರೇಟು ಮಾತಾಡುವಾ."

ಹುಡುಗ ಮೊದಲನೆಯದನ್ನು ಸೀಮೆಸುಣ್ಣ ಹೊರಗೆ ಕಾಣುವ ಹಾಗೆ ಹಾಕಿದ. ಎರಡನೆಯದನ್ನು ಅಭ್ಯಾಸಬಲದಲ್ಲಿ ಒಳಗೆ ತಿರುಗಿಸಿಯೇ ಕೂರಿಸಿಬಿಟ್ಟ. ನಾನು ನೋಡುವಷ್ಟರಲ್ಲಿ ಗಾಳಿ ತುಂಬಿಯಾಗಿತ್ತು. ಪುನಃ ಬಿಚ್ಚುವುದು ಬೇಡ, ಇರಲಿ ಎಂದೆ. ಎರಡೂ ನಂಬರನ್ನು ಬಿಲ್ಲಿನಲ್ಲಿ ಬರೆಸಿ, ಅಡಿಯಲ್ಲಿ ಧಣಿಗಳ ಸಹಿ ಹಾಕಿಸಿಕೊಂಡು ಬಂದೆ.